ಚೈತ್ರದಲ್ಲಿ ಹಿತ್ತಲಿನ ಕೆಲಸಕ್ಕೆ ಒಂದು ದಿನ



ಯುಗಾದಿ ಕಳೆದು, ಹೊಸತೊಡಕಿನ ಊಟ ಮುಗಿದು, ಎತ್ತು ಇರುವವರು ಎತ್ತಿನಿಂದ, ಇಲ್ಲದವರು ಟ್ರ್ಯಾಕ್ಟರಿನಿಂದ ಹೊನ್ನಾರು ಹೂಡಿ ಬಂದ ಮೇಲೆ ಮಳೆಯಾಶ್ರಿತ ಬೇಸಾಯಗಾರನಿಗೆ ಹೊಲದಲ್ಲಿ ಕೆಲವು ದಿನ ಬಿಡುವು ಸಿಗುತ್ತದೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ, 27ರ ಸುಮಾರಿಗೆ ಭರಣಿ ಮಳೆ ಹುಟ್ಟುತ್ತದೆ. 'ಭರಣಿ ಮಳೆ ಧರಣಿ ಬೆಳೆ' ಎಂಬ ಗಾದೆಯನ್ನು ಹೊಲವನ್ನು ಕುರಿತು ಹೇಳುವುದು ವಾಡಿಕೆ. ಆದರೆ ಆ ಮಳೆ ಹೊಲದ ಮೇಲೆ ಬೀಳುವಂತೆಯೇ ಮನೆಯ ಹಿತ್ತಲ ಮೇಲೂ ಬೀಳುತ್ತದೆ. ಹಿತ್ತಲು ಅಣಿಯಾಗಿದ್ದರೆ ಆ ನೀರಿನಿಂದ ಚಪ್ಪರ ತುಂಬ ಬಳ್ಳಿ ಹಬ್ಬುತ್ತದೆ. ಇಲ್ಲದಿದ್ದರೆ ತಿಪ್ಪೆಯ ಸಾರವೆಲ್ಲ ಕೊಚ್ಚಿಕೊಂಡು ಬೀದಿ ಚರಂಡಿ ಸೇರುತ್ತದೆ. ಮಳೆಗೆ ಮುಂಚಿನ ಈ ಬಿಡುವಿನಲ್ಲಿ ಹಿತ್ತಲಿಗಾಗಿ ಒಂದು ಪೂರ್ತಿ ದಿನವನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದೇ ಈ ಮಾತಿನ ವಿಷಯ.

ಹಿತ್ತಲು ಎಂದರೆ ನಾಲ್ಕು ಬದನೆ ಗಿಡ, ಒಂದು ಕರಿಬೇವಿನ ಮರ ಮಾತ್ರವಲ್ಲ. ಗೊಬ್ಬರದ ಗುಂಡಿ, ಹುಲ್ಲಿನ ಮೆದೆ, ಸೌದೆ ಒಟ್ಟಲು, ಬಚ್ಚಲ ನೀರು ಹರಿಯುವ ಕಾಲುವೆ, ಅದರ ಪಕ್ಕದ ಬಾಳೆ, ಬೇಲಿ ಸಾಲಿನ ನುಗ್ಗೆ, ಮೂಲೆಯ ತೆಂಗು, ಕೋಳಿ ಗೂಡು ಇವೆಲ್ಲವೂ ಐದಾರು ಗುಂಟೆಯೊಳಗೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಗುಂಡಿಯಲ್ಲಿ ಹುಟ್ಟಿದ ಹುಳು ತೆಂಗಿನ ಸುಳಿಗೆ ಹಾರುತ್ತದೆ. ಒಲೆಯ ಬೂದಿ ಗೊಬ್ಬರದ ಸಾರವನ್ನು ಗಾಳಿಗೆ ಅಟ್ಟುತ್ತದೆ. ಆದುದರಿಂದ ಒಂದೊಂದು ಕೆಲಸವನ್ನು ಬಿಡಿಬಿಡಿಯಾಗಿ ಮಾಡಿದರೆ ಸಾಲದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಮುಖ್ಯ. ಬಹಳ ಮನೆಗಳಲ್ಲಿ ಕೆಲಸಕ್ಕೇನೂ ಕೊರತೆಯಿಲ್ಲ, ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಬೆಳಗಿನ ತಂಪಿನಲ್ಲಿ ಗೊಬ್ಬರ ಕೆದಕಿ ಇಡೀ ದಿನ ಬಿಸಿಲಿಗೆ ಬಿಡುತ್ತಾರೆ, ಸಂಜೆ ಕಸ ಗುಡಿಸಿ ಬೆಂಕಿ ಹಚ್ಚುತ್ತಾರೆ. ಹೀಗೆ ಒಂದೇ ದಿನದಲ್ಲಿ ಎರಡು ಬಗೆಯ ಗೊಬ್ಬರ ಹಾಳಾಗುತ್ತದೆ.

ಉದಾಹರಣೆಗೆ ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ, ರಾಗಿ ಮತ್ತು ತೆಂಗು ಬೆಳೆಯುವ ಒಂದು ಸಾಧಾರಣ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅಜ್ಜಿ, ಆಕೆಯ ಮಗ, ಸೊಸೆ, ಓದುವ ಇಬ್ಬರು ಮಕ್ಕಳು, ಒಬ್ಬ ಮೈದುನ, ಹೀಗೆ ಆರು ಜನ. ಎರಡು ಹಸು, ನಾಲ್ಕಾರು ಕೋಳಿ. ಹಿತ್ತಲಲ್ಲಿ ಫಲ ಬಿಡುವ ನಾಲ್ಕು ತೆಂಗಿನ ಮರ, ನೆಟ್ಟು ಮೂರು ವರ್ಷವಾದ ಎರಡು ಸಸಿ.

ಆ ಮನೆಯಲ್ಲಿ ದಿನದ ಕೆಲಸ ಪೊರಕೆಯಿಂದಲೇ ಆರಂಭವಾಗಬೇಕು. ಫಾಲ್ಗುಣ, ಚೈತ್ರಗಳಲ್ಲಿ ಹೊಂಗೆಯ ಹಳೆಯ ಎಲೆ ಉದುರಿ ಹೊಸ ಚಿಗುರು ಬರುವ ಕಾಲ. ಮಾವು, ಹಲಸಿನ ಎಲೆಯೂ ಅಂಗಳದ ತುಂಬ ಬಿದ್ದಿರುತ್ತದೆ. ಇದನ್ನು ಗುಡಿಸಿ ಒಂದು ಕಡೆ ರಾಶಿ ಮಾಡಿ ಬೆಂಕಿಯಿಡುವುದು ಸುಲಭ. ಅಂಗಳವೂ ಚೊಕ್ಕಟವಾಗಿ ಕಾಣುತ್ತದೆ. ಆದರೆ ಎಲೆಯಲ್ಲಿನ ಸಾರಜನಕವೆಲ್ಲ ಹೊಗೆಯಾಗಿ ಹೋಗಿ, ಉಳಿಯುವುದು ಒಂದು ಬೊಗಸೆ ಬೂದಿ. ಆ ಎಲೆಯನ್ನು ರಾಶಿ ಮಾಡಿ ಇಟ್ಟುಕೊಂಡರೆ ಸಂಜೆ ಅದಕ್ಕೆ ಎರಡು ಉಪಯೋಗಗಳಿವೆ. ಖಾಲಿಯಾದ ಗುಂಡಿಯ ತಳಕ್ಕೆ ಹಾಸಬಹುದು, ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿಗೆ ಹರಡಬಹುದು. ಹಸುವಿನ ಗಂಜಲದಲ್ಲಿ ಶೇಕಡಾ 1ರ ಸುಮಾರು ಸಾರಜನಕವಿರುತ್ತದೆ. ಹೊಸದಾಗಿ ಬಿದ್ದ ಸಗಣಿಗಿಂತ ಇದು ಹೆಚ್ಚು. ಆದರೂ ಸಗಣಿಯನ್ನು ಬಾಚುವ ಕೈ ಗಂಜಲವನ್ನು ಮೋರಿಗೆ ಬಿಡುತ್ತದೆ. ಒಣ ಎಲೆಯ ಹಾಸಿಗೆ ಆ ಗಂಜಲವನ್ನು ಹೀರಿಕೊಂಡು ಮರುದಿನ ಗುಂಡಿ ಸೇರುತ್ತದೆ.

ಸೌದೆ ಒಟ್ಟಲು, ಹಳೆಯ ಹೆಂಚು, ಮೆದೆಯ ಬುಡ ಇವುಗಳನ್ನು ಬಿಚ್ಚುವ ಕೆಲಸವಿದ್ದರೆ ಚೆನ್ನಾಗಿ ಬೆಳಕು ಹರಿದ ಮೇಲೆ ಮಾಡಬೇಕು, ಮುಸ್ಸಂಜೆಯಲ್ಲಿ ಬೇಡ. ಬಿಸಿಲಿಗೆ ಬೆದರಿದ ಹಾವು, ಚೇಳುಗಳು ತಂಪು ಹುಡುಕಿಕೊಂಡು ಬರುವುದು ಇಂತಹ ಜಾಗಕ್ಕೇ. ಮೆದೆಯಲ್ಲಿ ಇಲಿಗಳಿದ್ದರಂತೂ ಕೇಳಬೇಕಾಗಿಲ್ಲ. ಮೊದಲು ಕೋಲಿನಿಂದ ತಟ್ಟಿ, ಕಾಲಿಗೆ ಬೂಟು ಹಾಕಿಕೊಂಡು, ಒಂದೊಂದೇ ತುಂಡನ್ನು ತಮ್ಮ ಕಡೆಗೆ ಎಳೆದುಕೊಳ್ಳದೆ ಪಕ್ಕಕ್ಕೆ ಉರುಳಿಸಬೇಕು. ಹಾವು ಕಡಿದರೆ ಗಾಯ ಕುಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸಲು ಕರೆದೊಯ್ಯುವುದು ಇವೆಲ್ಲ ಜೀವಕ್ಕೆ ಎರವಾಗುತ್ತವೆ. ಕಡಿತವಾದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ನಡೆಸದೆ, ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದಿನಲ್ಲಿ ಮದ್ದಿದೆ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ರಾಜ್ಯದಲ್ಲಿ 2024ರಲ್ಲಿ ಗೊತ್ತುಪಡಿಸಲಾಗಿದೆ. ಹಿತ್ತಲ ಕೆಲಸವನ್ನು ಕುರಿತ ಮಾತಿನಲ್ಲಿ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಎಂಟು ಗಂಟೆಯೊಳಗೆ ಬಳ್ಳಿ ತರಕಾರಿಯ ಗುಣಿಗಳು ತಯಾರಾಗಬೇಕು. ಹೀರೆ, ಪಡವಲ, ಹಾಗಲ, ಸೋರೆ, ಸಿಹಿಗುಂಬಳ ಯಾವುದಾದರೂ ಸರಿಯೇ, ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಣಿ ಸಾಕು. ಮೇಲುಮಣ್ಣನ್ನು ಒಂದು ಬದಿಗೂ, ಕೆಳಮಣ್ಣನ್ನು ಇನ್ನೊಂದು ಬದಿಗೂ ಹಾಕಿ ಹಗಲೆಲ್ಲ ಬಿಸಿಲು ಕಾಯಲು ಬಿಡಬೇಕು. ಬಿಸಿಲು ಬೇಕಾಗಿರುವುದು ಗುಣಿಗೆ, ಗೊಬ್ಬರಕ್ಕಲ್ಲ. ಆರು ಜನರ ಮನೆಗೆ ಇಂತಹ ಹತ್ತು ಗುಣಿ, ಎರಡು ಮಡಿ ಸೊಪ್ಪು, ಹಾಗೂ ಹಿಂದಿನಿಂದ ಬಂದ ತೊಂಡೆ, ನುಗ್ಗೆ ಇದ್ದರೆ ಮಳೆಗಾಲದಲ್ಲಿ ಸಂತೆಗೆ ಚೀಲ ಹಿಡಿದು ಹೋಗುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಒಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತದೆ. ಆರು ಜನರಿಗೆ ದಿನಕ್ಕೆ ಎರಡು ಕಿಲೋ ನಾನೂರು ಗ್ರಾಂ ಆಯಿತು. ನಮ್ಮ ಹಳ್ಳಿಗಳಲ್ಲಿ ಮುದ್ದೆಗೆ ಸಾರು ಇದ್ದರೂ ಆ ಸಾರಿನಲ್ಲಿ ಇಷ್ಟು ತರಕಾರಿ ಇರುವ ಮನೆಗಳು ಕಡಿಮೆ.

ಬಿಸಿಲೇರುವ ಮುನ್ನ ಮರ ಹತ್ತುವವನು ಸಿಕ್ಕಿದರೆ ತೆಂಗಿನ ತಲೆಯನ್ನು ಶುಚಿ ಮಾಡಿಸಿಬಿಡಬೇಕು. ಒಣಗಿದ ಗರಿ, ಹಳೆಯ ಹೊಂಬಾಳೆ, ಜಾಲರಿ ತೆಗೆಸಿ, ಸುಳಿಯನ್ನು ಕಣ್ಣಿಟ್ಟು ನೋಡುವಂತೆ ಹೇಳಬೇಕು. ಬಿಚ್ಚಿದ ಗರಿ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಂಡರೆ, ಸುಳಿಯ ಬುಡದಲ್ಲಿ ಅಗಿದು ಹಾಕಿದ ನಾರು ಹೊರಗೆ ಬಂದಿದ್ದರೆ, ಅದು ಸುಳಿ ಕೊರೆಯುವ ಕೊಂಬಿನ ದುಂಬಿಯ ಗುರುತು. ಕರಾವಳಿಯವರು ಕುರುವಾಯಿ ಎನ್ನುವುದು ಇದನ್ನೇ. ದುಂಬಿ ಒಳಗಿದ್ದರೆ ಕೊಕ್ಕೆಯ ಕಂಬಿಯಿಂದ ಎಳೆದು ತೆಗೆಯಬೇಕು. ಅನಂತರ ಸುಳಿಗೆ ಹತ್ತಿರದ ಎರಡು ಮೂರು ಗರಿಗಳ ಕಂಕುಳಲ್ಲಿ, ಕಾಲು ಕಿಲೋ ಬೇವಿನ ಹಿಂಡಿಯ ಪುಡಿಗೆ ಅಷ್ಟೇ ಪ್ರಮಾಣದ ಮರಳು ಬೆರೆಸಿ ತುಂಬಿಸಬೇಕು. ಇದು ಒಂದು ಮರಕ್ಕೆ ಬೇಕಾಗುವ ಲೆಕ್ಕ. ಕೈಗೆಟಕುವ ಸಸಿಗಳಿಗೆ ಮನೆಯವರೇ ಇದನ್ನು ಮಾಡಬಹುದು, ಮಾಡಲೇಬೇಕು. ಫಲ ಬಿಡುವ ಮರ ಒಂದೆರಡು ಗರಿ, ಒಂದು ಗೊನೆ ಕಳೆದುಕೊಂಡು ತಡೆದುಕೊಳ್ಳುತ್ತದೆ. ಮೂರು ವರ್ಷದ ಸಸಿಗೆ ಸುಳಿ ಹೋದರೆ ಪ್ರಾಣವೇ ಹೋದಂತೆ. ಕೊಂಬಿನ ದುಂಬಿ ಕೊರೆದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಟ್ಟರಂತೂ, ಹೊರಗಿನಿಂದ ಏನೂ ಕಾಣದೆ ಕಾಂಡ ಒಳಗೊಳಗೇ ಟೊಳ್ಳಾಗುತ್ತದೆ. ತಿಳಿಯುವ ಹೊತ್ತಿಗೆ ಬಹುಮಟ್ಟಿಗೆ ಕಾಲ ಮೀರಿರುತ್ತದೆ.

ಗರಿಯ ಕೆಳಮೈಯಲ್ಲಿ ಬಿಳಿಯ ಸುರುಳಿ ಸುರುಳಿ ಪುಡಿ, ಕೆಳಗಿನ ಗರಿಗಳ ಮೇಲೆ ಕಾಡಿಗೆಯಂತಹ ಕಪ್ಪು ಕಂಡುಬಂದರೆ ಗಾಬರಿ ಬೇಡ. ಅದು 2016ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಸುರುಳಿ ಬಿಳಿನೊಣ. ಇದಕ್ಕೆ ಕೀಟನಾಶಕ ಹೊಡೆದರೆ ಬಿಳಿನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಅವುಗಳನ್ನು ತಿನ್ನುವ ಪುಟ್ಟ ಕಣಜ ಮೊದಲು ಸಾಯುತ್ತದೆ, ನೊಣ ಮತ್ತೆ ಹೆಚ್ಚುತ್ತದೆ. ಕೈಗೆಟಕುವ ಗರಿಗಳಿಗೆ ಹತ್ತು ಲೀಟರ್ ನೀರಿಗೆ ನೂರು ಗ್ರಾಂ ಮೈದಾ ಕದಡಿ ಕುದಿಸಿ ಆರಿಸಿದ ತೆಳು ಗಂಜಿಯನ್ನು ಸಿಂಪಡಿಸಿದರೆ, ಒಣಗಿದ ಗಂಜಿಯ ಪೊರೆಯ ಜೊತೆಗೆ ಕಪ್ಪು ಬೂಷ್ಟೂ ಕಳಚಿ ಬೀಳುತ್ತದೆ. ಪರಂಗಿಗೆ 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಾಣಿಸಿಕೊಂಡ ಹಿಟ್ಟು ತಿಗಣೆಯ ಕಥೆಯೂ ಇಂತಹುದೇ. ಅದು ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆಯವರನ್ನು ಅಳಿಸಿತು. ಎಷ್ಟು ಔಷಧಿ ಹೊಡೆದರೂ ಜಗ್ಗದಿದ್ದುದು, 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಬ್ಯೂರೋದವರು ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಸಾಸಿವೆಗಿಂತ ಸಣ್ಣ ಕಣಜಕ್ಕೆ ಬಗ್ಗಿತು. ಮನೆಯ ಹಿತ್ತಲಿಗೆ ವಿಷದ ಪಂಪು ತರಬಾರದೆನ್ನಲು ಇಷ್ಟು ಕಾರಣ ಸಾಕು.

ಹತ್ತೂವರೆ ಹನ್ನೊಂದರ ಮೇಲೆ ಹೊರಗಿನ ಕೆಲಸ ನಿಲ್ಲಿಸುವುದು ಒಳ್ಳೆಯದು. ನೆರಳಿನಲ್ಲಿ ಕುಳಿತು ಮಾಡುವುದಕ್ಕೇ ಬೇಕಾದಷ್ಟಿದೆ. ಗುದ್ದಲಿಗೆ ಕಾವು ಹಾಕುವುದು, ಮಚ್ಚು ಮಸೆಯುವುದು, ಚಪ್ಪರಕ್ಕೆ ತೆಂಗಿನ ನಾರಿನ ಹಗ್ಗ ಹೊಸೆಯುವುದು, ಹಿಂದಿನ ವರ್ಷ ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿಟ್ಟ ಬೀಜವನ್ನು ಹೊರತೆಗೆದು ಆರಿಸುವುದು. ಬೀಜದ ವಿಷಯದಲ್ಲಿ ಅಜ್ಜಿಯ ಮಾತೇ ಕೊನೆಯ ಮಾತು. ಯಾವ ಸೋರೆ ಕಹಿ ಬಂದಿತ್ತು, ಯಾವ ಹೀರೆ ನಾರಾಗಿತ್ತು ಎಂಬುದು ಆಕೆಯ ನೆನಪಿನಲ್ಲಿರುತ್ತದೆ. ಕಹಿ ಸೋರೆಯ ಬೀಜವನ್ನು ನಿರ್ದಾಕ್ಷಿಣ್ಯವಾಗಿ ಎಸೆಯಬೇಕು. ಕಹಿ ಸೋರೆ ತಿಂದರೆ ವಾಂತಿ, ಭೇದಿಯಾಗಿ ಆಸ್ಪತ್ರೆ ಸೇರುವಷ್ಟು ಅಪಾಯವಿದೆ. ಹಾಗಲ, ಪಡವಲದ ಸಿಪ್ಪೆ ಗಟ್ಟಿ. ಆ ಬೀಜಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿರಬೇಕು. ಹೊಸದಾಗಿ ಬೀಜ ಕೊಳ್ಳುವವರು ದಂಟಿಗೆ ಅರ್ಕಾ ಸುಗುಣ, ಬೆಂಡೆಗೆ ಅರ್ಕಾ ಅನಾಮಿಕ ತಳಿಗಳನ್ನು ಕೇಳಬಹುದು. ಎರಡೂ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವು. ಅರ್ಕಾ ಸುಗುಣ ಬಿತ್ತಿದ 25-30 ದಿನಕ್ಕೆ ಕೊಯ್ಲಿಗೆ ಬಂದು, ಕೊಯ್ದಂತೆ ಮತ್ತೆ ಚಿಗುರುತ್ತದೆ.

ಮಧ್ಯಾಹ್ನದ ಈ ಬಿಡುವು ಗಂಡಸರಿಗೆ ಮಾತ್ರ ಬಿಡುವು ಎಂಬುದನ್ನೂ ಹೇಳಬೇಕಾಗಿದೆ. ಸೊಸೆ ನಸುಕಿನಲ್ಲಿ ಹಾಲು ಕರೆದು, ಕೊಟ್ಟಿಗೆ ಬಾಚಿ, ಅಂಗಳ ಗುಡಿಸಿ, ಗುಣಿ ತೋಡಲು ಕೈಹಾಕಿ, ಈ ಹೊತ್ತಿನಲ್ಲಿ ಮುದ್ದೆ ತಿರುವುತ್ತಿರುತ್ತಾಳೆ. ಸಂಜೆ ಗೊಬ್ಬರದ ಮಂಕರಿಯೂ ಆಕೆಯ ತಲೆಯ ಮೇಲೇ ಬರುತ್ತದೆ. ಇದರ ಭಾರವನ್ನು ಲೆಕ್ಕ ಹಾಕಿ ನೋಡಿ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಗುಂಡಿಯಲ್ಲಿ ಸುಮಾರು ಮೂರು ಟನ್ ಗೊಬ್ಬರವಿರುತ್ತದೆ. ಮಂಕರಿಗೆ 25 ಕಿಲೋ ಎಂದರೂ ಅದು 120 ಮಂಕರಿ. ಒಬ್ಬಳೇ ಹೆಂಗಸು 120 ಸಲ ಬಗ್ಗಿ, ಎತ್ತಿ, ಹೊತ್ತು, ಸುರಿದು ಬರುವುದೆಂದರೆ ಸೊಂಟ, ಕುತ್ತಿಗೆ ಏನಾಗಬೇಕು? ಒಂದು ಚಕ್ರದ ಕೈಗಾಡಿಯಲ್ಲಿ ಒಂದು ಸಲಕ್ಕೆ 60 ಕಿಲೋ ಹೋಗುತ್ತದೆ, 50 ಸಲಕ್ಕೆ ಕೆಲಸ ಮುಗಿಯುತ್ತದೆ. ಅದನ್ನು ತಳ್ಳಲು ಮೈದುನನಿಗೂ ನಾಚಿಕೆಯಾಗಬೇಕಾಗಿಲ್ಲ. ಬೈಕಿಗೆ ಸಾವಿರಾರು ರೂಪಾಯಿ ಹಾಕುವ ಮನೆಗಳಲ್ಲಿ ಕೈಗಾಡಿ ಇಲ್ಲದಿರುವುದಕ್ಕೆ ಬಡತನವೊಂದೇ ಕಾರಣವಲ್ಲ.

ಸಂಜೆ ನಾಲ್ಕರ ಮೇಲೆ ಗುಂಡಿಗೆ ಇಳಿಯಬೇಕು. ದಿನದ ದೊಡ್ಡ ಕೆಲಸ ಇದೇ. ಇಡೀ ಗುಂಡಿ ಒಂದೇ ಸಂಜೆಗೆ ಮುಗಿಯುವುದಿಲ್ಲ, ಮುಗಿಸಲು ಹೋಗಲೂ ಬಾರದು. ಗುಂಡಿಯ ಒಂದು ತುದಿಯಿಂದ ಮೇಲಿನಿಂದ ತಳದವರೆಗೆ ನೇರವಾಗಿ ಕಡಿದುಕೊಂಡು ಅರ್ಧದವರೆಗೆ ಬಂದು ನಿಲ್ಲಿಸಿ, ಉಳಿದ ಅರ್ಧವನ್ನು ತೆಂಗಿನ ಗರಿಯಿಂದ ಮುಚ್ಚಿ ಮರುದಿನ ಸಂಜೆಗೆ ಇಟ್ಟುಕೊಳ್ಳಬೇಕು. ಮೇಲೆ ಮೇಲೆ ಕೆದಕಿದರೆ ಗುಂಡಿಯ ಅಷ್ಟೂ ಗೊಬ್ಬರಕ್ಕೆ ಗಾಳಿ, ಬಿಸಿಲು ತಗಲುತ್ತದೆ. ಅರೆಕೊಳೆತ ಗೊಬ್ಬರ ಬಿಸಿಲಿಗೆ ಒಣಗುವಾಗ ಮೂಗಿಗೆ ಹೊಡೆಯುವ ಖಾರದ ವಾಸನೆಯೇ ಅಮೋನಿಯಾ, ಅಂದರೆ ಹಾರಿಹೋಗುತ್ತಿರುವ ಸಾರಜನಕ. ಒಲೆಯ ಬೂದಿಯನ್ನು ಹಸಿ ಸಗಣಿ, ಗಂಜಲದ ಮೇಲೆ ಸುರಿದರೂ ಇದೇ ನಷ್ಟ. ಬೂದಿಯ ಕ್ಷಾರಗುಣ ಅಮೋನಿಯಾವನ್ನು ಹೊರಗೆ ತಳ್ಳುತ್ತದೆ. ಬೂದಿಯಲ್ಲಿ ತೆಂಗಿಗೆ, ಬಾಳೆಗೆ ಬೇಕಾದ ಪೊಟ್ಯಾಷ್ ಇದೆ. ಅದನ್ನು ಬೇರೆ ಡಬ್ಬದಲ್ಲಿ ತುಂಬಿಟ್ಟು ನೇರವಾಗಿ ಗಿಡದ ಪಾತಿಗೆ ಹಾಕುವುದೇ ಸರಿ. ಮೂರು ಟನ್ ಗೊಬ್ಬರದಲ್ಲಿ ಶೇಕಡಾ ಅರ್ಧದಷ್ಟು ಸಾರಜನಕವೆಂದರೆ 15 ಕಿಲೋ ಆಯಿತು. 45 ಕಿಲೋ ಯೂರಿಯಾ ಚೀಲದಲ್ಲಿರುವುದು ಸುಮಾರು 20 ಕಿಲೋ 700 ಗ್ರಾಂ. ಮುಕ್ಕಾಲು ಚೀಲಕ್ಕೆ ಹತ್ತಿರವಾದ ಸಾರ ಹಿತ್ತಲ ಗುಂಡಿಯಲ್ಲೇ ಇದೆ. ಮಣ್ಣಿಗೆ ನೀರು ಹಿಡಿದಿಡುವ ಗುಣವನ್ನು ಯೂರಿಯಾ ಕೊಡಲಾರದು, ಗೊಬ್ಬರ ಕೊಡುತ್ತದೆ.

ಗುಂಡಿಯ ನಡುವಿಗೆ ಬರುವಾಗ ಹೆಬ್ಬೆರಳು ದಪ್ಪದ, ಕಂದು ತಲೆಯ, ಮೈ ಬಾಗಿಸಿಕೊಂಡು ಮಲಗಿದ ಬಿಳಿ ಹುಳುಗಳು ಸಿಗುತ್ತವೆ. ಇವನ್ನೆಲ್ಲ ಗೊಣ್ಣೆ ಹುಳು ಎಂದು ಕರೆಯುವುದು ರೂಢಿ. ಹೊಲದಲ್ಲಿ ಕಡಲೆಕಾಯಿ, ಕಬ್ಬಿನ ಬೇರು ತಿನ್ನುವ ಹುಳುವೂ ನೋಡಲು ಇದರಂತೆಯೇ ಇದ್ದರೂ ಅದು ಮಣ್ಣಿನಲ್ಲಿರುತ್ತದೆ. ತೆಂಗಿನ ಸೀಮೆಯ ತಿಪ್ಪೆಗಳಲ್ಲಿ ಸಿಗುವ ಈ ದಪ್ಪ ಹುಳು ಹೆಚ್ಚಾಗಿ, ಬೆಳಿಗ್ಗೆ ತೆಂಗಿನ ಸುಳಿಯಲ್ಲಿ ಹುಡುಕಿದ ಕೊಂಬಿನ ದುಂಬಿಯ ಮರಿಯೇ. ದುಂಬಿ ತೆಂಗನ್ನು ತಿನ್ನುತ್ತದೆ, ಮೊಟ್ಟೆಯಿಡುವುದು ತಿಪ್ಪೆಯಲ್ಲಿ. ಒಂದು ಹೆಣ್ಣು ದುಂಬಿ ತನ್ನ ಆಯುಸ್ಸಿನಲ್ಲಿ ನೂರರ ಆಸುಪಾಸು ಮೊಟ್ಟೆಯಿಡುತ್ತದೆ. ಮರಿ ಮೂರು ತಿಂಗಳಿಗೂ ಮೇಲ್ಪಟ್ಟು ಗೊಬ್ಬರದಲ್ಲೇ ಬೆಳೆದು, ಕೋಶವಾಗಿ, ಮುಂಗಾರು ಹಿಡಿಯುವ ಹೊತ್ತಿಗೆ ದುಂಬಿಯಾಗಿ ಹೊರಬೀಳುತ್ತದೆ. ಈ ಚೈತ್ರದಲ್ಲಿ ಗುಂಡಿಯನ್ನು ತಳದವರೆಗೆ ತೆಗೆಯುವುದಕ್ಕೂ, ಆಷಾಢದಲ್ಲಿ ಸುಳಿ ಉಳಿಯುವುದಕ್ಕೂ ಇರುವ ಸಂಬಂಧ ಇದೇ. ಮೇಲಿನ ಮುಕ್ಕಾಲು ಭಾಗ ತೆಗೆದು ತಳದ ಹಸಿ ಗೊಬ್ಬರವನ್ನು 'ಇನ್ನೂ ಕೊಳೆತಿಲ್ಲ' ಎಂದು ಬಿಡುವ ಮನೆಗಳಲ್ಲಿ ಮರಿಗಳಿಗೆ ಸುರಕ್ಷಿತವಾದ ತೊಟ್ಟಿಲು ಉಳಿದಂತಾಗುತ್ತದೆ.

ಸಿಕ್ಕಿದ ಹುಳುಗಳನ್ನು ಮಕ್ಕಳು ಹೆಕ್ಕಿ ಕೋಳಿಗೆ ಹಾಕಲಿ. ಕೋಳಿಗಳಿಗೂ ಅಂದು ಹಬ್ಬ. ಗುಂಡಿಯಲ್ಲಿ ಉಳಿಯುವವುಗಳಿಗೆ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯಿದೆ. ಅದನ್ನು ನೀರಿನಲ್ಲಿ ಕದಡಿ ಸಂಜೆಯ ಹೊತ್ತು ತೇವವಿರುವ ಗೊಬ್ಬರಕ್ಕೆ ಬೆರೆಸಿದರೆ, ಹುಳು ಸೆಟೆದುಕೊಂಡು ಸತ್ತು ಮೈಮೇಲೆ ಹಸಿರು ಬೂಷ್ಟು ಬೆಳೆಯುತ್ತದೆ. ಆ ಸತ್ತ ಹುಳುವಿನಿಂದಲೇ ರೋಗ ಉಳಿದವಕ್ಕೂ ಹರಡುತ್ತದೆ. ಬಿಸಿಲಿನಲ್ಲಿ, ಒಣ ಗೊಬ್ಬರದಲ್ಲಿ ಇದು ಕೆಲಸ ಮಾಡುವುದಿಲ್ಲ. ದನಕರುಗಳಿಗೆ ಇದರಿಂದ ಭಯವಿಲ್ಲ.

ಇಲ್ಲಿ ಹಳೆಯ ರೂಢಿಯೊಂದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಬೇಕು. ಬಹಳ ಹಿಂದೆ ತಿಪ್ಪೆಯ ಹುಳುವಿಗೆ ಬಿ.ಎಚ್.ಸಿ. ಪುಡಿ ಎರಚಬೇಕೆಂಬ ಸಲಹೆ ಕೃಷಿ ಇಲಾಖೆಯ ಕರಪತ್ರಗಳಲ್ಲಿಯೇ ಇರುತ್ತಿತ್ತು. ಅನಂತರ ಕಾರ್ಬರಿಲ್ ಪುಡಿ ಬಂತು. ಅಂದಿನ ತಿಳಿವಳಿಕೆ ಅಷ್ಟಿತ್ತು. ಬಿ.ಎಚ್.ಸಿ.ಯನ್ನು 1997ರಲ್ಲಿ, ಕಾರ್ಬರಿಲ್ ಅನ್ನು 2018ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಬಿ.ಎಚ್.ಸಿ. ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುವ ವಿಷ. ಗೊಬ್ಬರದಿಂದ ಮಣ್ಣಿಗೆ, ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಸುವಿನ ಕೊಬ್ಬಿಗೆ, ಹಾಲಿಗೆ, ಕೊನೆಗೆ ಮಗುವಿನ ಲೋಟಕ್ಕೆ ಬರುತ್ತದೆ. ಆದರೂ ಅಟ್ಟದ ಮೇಲೆ, ಕೊಟ್ಟಿಗೆಯ ಗೂಡಿನಲ್ಲಿ ಚೀಟಿ ಹರಿದುಹೋದ ಹಳೆಯ ಡಬ್ಬಗಳು ಇನ್ನೂ ಕೆಲವು ಮನೆಗಳಲ್ಲಿವೆ. ಹಿತ್ತಲು ಶುಚಿ ಮಾಡುವ ದಿನ ಅವು ಕೈಗೆ ಸಿಗುತ್ತವೆ. 'ಇದ್ದದ್ದು ಖಾಲಿಯಾಗಲಿ' ಎಂದು ಗುಂಡಿಗೆ ಸುರಿಯುವುದು, ಬಾವಿ ಕಡೆ ಚೆಲ್ಲುವುದು, ಡಬ್ಬ ತೊಳೆದು ಬೀಜ ತುಂಬುವುದು ಮೂರೂ ಕೂಡದು. ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರದವರಿಗೆ ತಿಳಿಸಿ ಅವರು ಹೇಳಿದಂತೆ ವಿಲೇವಾರಿ ಮಾಡಬೇಕು. ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಈ ಡಬ್ಬಗಳನ್ನು ಕೇಳಿ ನೋಡುವುದನ್ನು ಮರೆಯಬಾರದು.

ತೆಗೆದ ಗೊಬ್ಬರದಲ್ಲಿ ಚೆನ್ನಾಗಿ ಕಳಿತದ್ದನ್ನು ಗುಣಿಗೊಂದು ಮಂಕರಿಯಂತೆ ಮೇಲುಮಣ್ಣಿನೊಂದಿಗೆ ಬೆರೆಸಿ ತುಂಬಬೇಕು. ತೆಂಗಿನ ಮರಕ್ಕೆ ವರ್ಷಕ್ಕೆ 50 ಕಿಲೋ ಎಂಬುದು ಲೆಕ್ಕ. ಅದನ್ನು ಮಳೆ ಹಿಡಿದ ಮೇಲೆ ಪಾತಿ ಬಿಡಿಸಿ ಹಾಕಿದರೆ ಸಾಕು. ಹೊಲಕ್ಕೆ ಹೋಗುವುದನ್ನು ಈಗಲೇ ಸಾಗಿಸಿ ಸಣ್ಣ ಸಣ್ಣ ಗುಡ್ಡೆಯಾಗಿ ಸುರಿದು ತಿಂಗಳುಗಟ್ಟಲೆ ಬಿಡುವ ಪದ್ಧತಿ ನಮ್ಮ ಕಡೆ ಬಲವಾಗಿದೆ. ಗುಡ್ಡೆಯಿದ್ದ ಜಾಗದಲ್ಲಿ ಮಾತ್ರ ರಾಗಿ ಕಪ್ಪಗೆ ಬಂದು ಉಳಿದ ಕಡೆ ಬಿಳಿಚಿಕೊಳ್ಳುವುದನ್ನು ಪ್ರತಿಯೊಬ್ಬರೂ ನೋಡಿದ್ದಾರೆ. ಅದರ ಬದಲು ಹೊಲದ ಬದಿಯಲ್ಲಿ ಒಂದೇ ದೊಡ್ಡ ರಾಶಿ ಮಾಡಿ, ಮೇಲೆ ಗೇಣಗಲ ಮಣ್ಣು ಮುಚ್ಚಿ, ಹದ ಮಳೆ ಬಿದ್ದ ದಿನ ಎರಚಿ ಅಂದೇ ಉಳುಮೆ ಮಾಡಬೇಕು.

ಖಾಲಿಯಾದ ಭಾಗಕ್ಕೆ ಬೆಳಗಿನ ಎಲೆರಾಶಿ ಅರ್ಧ ಅಡಿ ಹಾಸಿ, ಮೇಲೆ ಸಗಣಿ ನೀರು ಚಿಮುಕಿಸಬೇಕು. ಗುಂಡಿಯ ಸುತ್ತ ಗೇಣೆತ್ತರದ ಒಡ್ಡು ಹಾಕಿದರೆ ಅಂಗಳದ ಮಳೆನೀರು ಒಳಗೆ ನುಗ್ಗುವುದಿಲ್ಲ.

ಇನ್ನು ನೀರು. ಬೇಸಿಗೆಯಲ್ಲಿ ಫಲ ಬಿಡುವ ತೆಂಗಿಗೆ ಪಾತಿಯಲ್ಲಿ ಕೊಡುವುದಾದರೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಬೇಕು. ಕೊಳವೆಬಾವಿ ಬತ್ತಿದ ಊರಿನಲ್ಲಿ ಇದನ್ನು ಎಲ್ಲಿಂದ ತರುವುದು? ಆರು ಜನ ಸ್ನಾನಕ್ಕೆ ತಲಾ 20 ಲೀಟರ್ ಬಳಸಿದರೆ ದಿನಕ್ಕೆ 120, ನಾಲ್ಕು ದಿನಕ್ಕೆ 480 ಲೀಟರ್ ಬಚ್ಚಲ ನೀರು ಸಿಗುತ್ತದೆ. ಎರಡು ಮರಕ್ಕೆ ಅಷ್ಟು ಸಾಕು, ಬಾಳೆಗೂ ಒಂದಿಷ್ಟು ಮಿಗುತ್ತದೆ. ಕಾಲುವೆಯನ್ನು ಒಂದು ದಿನ ಈ ಮರಕ್ಕೆ, ಇನ್ನೊಂದು ದಿನ ಆ ಮರಕ್ಕೆ ತಿರುಗಿಸುವ ಹಾಗೆ ತಿದ್ದಿದರಾಯಿತು. ಬಟ್ಟೆ ಒಗೆದ ಸೋಡಾ ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಬಿಡಬಾರದು. ಪಾತಿಯಲ್ಲಿ ಆರಡಿ ಸುತ್ತಳತೆಗೆ, ಅಂದರೆ ಬುಡದಿಂದ ಎಲ್ಲ ದಿಕ್ಕಿಗೂ ಆರಡಿ, ಕಾಯಿ ಸುಲಿದ ಮಟ್ಟೆಗಳನ್ನು ಉಬ್ಬು ಮೇಲಾಗಿ ಮಗುಚಿ ಹಾಸಿದರೆ ತೇವ ಉಳಿಯುತ್ತದೆ. ಒಂದು ಮರಕ್ಕೆ 100ರಿಂದ 150 ಮಟ್ಟೆ ಹಿಡಿಯುತ್ತದೆ. ಇದ್ದ ಮಟ್ಟೆಯನ್ನೆಲ್ಲ ನಾರಿನ ಕಾರ್ಖಾನೆಯ ಲಾರಿಗೆ ತುಂಬಿ, ಆಮೇಲೆ ಟ್ಯಾಂಕರ್ ನೀರು ತರಿಸುವ ಲೆಕ್ಕಾಚಾರ ಯಾರಿಗೂ ಲಾಭವಲ್ಲ. ಬಳ್ಳಿಗಳ ಗುಣಿಯ ಪಕ್ಕದಲ್ಲಿ ಐದಾರು ಲೀಟರಿನ ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಅದು ನಿಧಾನವಾಗಿ ಜಿನುಗಿ ಎರಡು ಮೂರು ದಿನ ಬರುತ್ತದೆ. ಬಣ್ಣ ಬಳಿದ ಮಡಕೆ ಬೇಡ, ಜಿನುಗುವುದಿಲ್ಲ.

ಸೂರ್ಯ ಇಳಿದ ಮೇಲೆ ಬೀಜ. ಗುಣಿಗೆ ನಾಲ್ಕು ಬೀಜವನ್ನು ಒಂದಂಗುಲ ಆಳದಲ್ಲಿ ಊರಿ, ಹುಟ್ಟಿದ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿಕೊಳ್ಳಬೇಕು. ದಂಟಿನ ಬೀಜವನ್ನು ಸಣ್ಣ ಮರಳಿನಲ್ಲಿ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಬಳ್ಳಿಯಲ್ಲಿ ಮೊದಲು ಬಂದ ಹೂಗಳೆಲ್ಲ ಉದುರಿದವೆಂದು ಸೊಸೆಯರು ಪೇಚಾಡುವುದುಂಟು. ಅವು ಗಂಡು ಹೂಗಳು. ಉದುರುವುದೇ ಅವುಗಳ ಸ್ವಭಾವ. ಅನಂತರ ಬುಡದಲ್ಲಿ ಪುಟ್ಟ ಕಾಯಿಯಿರುವ ಹೆಣ್ಣು ಹೂ ಬರುತ್ತದೆ. ಕಾಯಿ ಹಿಡಿದ ಮೇಲೆ ಕೊಳೆತು ಬಿದ್ದದ್ದನ್ನು ಗೊಬ್ಬರದ ಗುಂಡಿಗೆ ಎಸೆಯದೆ ಎರಡಡಿ ಆಳದಲ್ಲಿ ಹೂಳಬೇಕು. ಅದರೊಳಗಿನ ಹಣ್ಣುನೊಣದ ಮರಿ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ.

ಕೈಕಾಲು ತೊಳೆಯುವ ಮುನ್ನ ಗುದ್ದಲಿ, ಮಂಕರಿ ಒಳಗಿಡಿ. ಸಗಣಿ, ತುಕ್ಕು ಮೊಳೆ ತಾಗಿದ ಗಾಯ ಯಾರಿಗಾದರೂ ಆಗಿದ್ದರೆ ಮರುದಿನವೇ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಬೇಕು. ಗುಂಡಿಯ ಉಳಿದ ಅರ್ಧ ಮರುದಿನ ಸಂಜೆಗೆ ಕಾದಿದೆ. ಗರಿಯ ಕಂಕುಳಿಗೆ ತುಂಬಿದ ಬೇವಿನ ಹಿಂಡಿಯ ಖಾರ ಮಳೆಗೆ ತೊಳೆದುಹೋಗುವುದರಿಂದ ಸೆಪ್ಟೆಂಬರ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಮತ್ತೆ ತುಂಬಬೇಕು. ಎರಡು ಸಸಿಗಳಿಗಂತೂ ಈ ಎರಡು ತಿಂಗಳುಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.